ಓಪನ್ ಮೈಕಿನಲ್ಲಿ ಧ್ವನಿಸಿದ್ಧಾಂತ: ಒಂದು ಕುಯ್‌ಗುಟ್ಟುವ ಮೀಮಾಂಸೆ

ನಮ್ಮ ಕಾವ್ಯಮೀಮಾಂಸಕರು ಪಂಪ ರನ್ನರ ಅಂಗಳದಲ್ಲೇ ಇನ್ನೂ ಸುತ್ತುತ್ತಿದ್ದು, ಬೆಂಗಳೂರಿನ ಕೆಫೆಗಳ ಮೊದಲ ಮಹಡಿಯ ಮೆಟ್ಟಿಲು ಹತ್ತದೇ ಇರುವುದು ವಿಷಾದದ ಸಂಗತಿ. ಭಾನುವಾರ ಸಂಜೆ ಆರೂವರೆಗೆ ಎಂದು ಹೇಳಿ ಏಳೂಕಾಲಿಗೆ ಶುರುವಾಗುವ ಓಪನ್ ಮೈಕ್ ಎಂಬ ಗೋಷ್ಠಿ ಅಲ್ಲಿ ನಡೆಯುತ್ತದೆ. ಸಾವಿರ ವರ್ಷಕ್ಕೂ ಮಿಕ್ಕಿ ಪಂಡಿತರು ಕಿತ್ತಾಡಿದ ಪ್ರಶ್ನೆಯೊಂದು ಆ ಗೋಷ್ಠಿಯಲ್ಲಿ ಐದೈದು ನಿಮಿಷಕ್ಕೊಮ್ಮೆ ಇತ್ಯರ್ಥವಾಗುತ್ತಿದೆ. ಕಾವ್ಯದ ಆತ್ಮ ಯಾವುದು ಎಂಬುದೇ ಆ ಪ್ರಶ್ನೆ. ಪ್ರಸ್ತುತ ಪ್ರಬಂಧಕಾರನು ಒಂದು ಮಳೆಗಾಲ ಪೂರ್ತಿ ಈ ಕುರಿತು ಕ್ಷೇತ್ರಕಾರ್ಯ ಕೈಗೊಂಡಿದ್ದಾನೆ. ಕಾಫಿ ಬಿಲ್ಲುಗಳನ್ನು ಸಂಶೋಧನಾ ವೆಚ್ಚವೆಂದು ಮನೆಯಲ್ಲಿ ಮಂಡಿಸಲಾಗಿ, ಅವು ತಿರಸ್ಕೃತವಾದವು.

ಒಂಬತ್ತನೇ ಶತಮಾನದ ಕಾಶ್ಮೀರದಲ್ಲಿ ಆನಂದವರ್ಧನನು ‘ಧ್ವನ್ಯಾಲೋಕ’ ಬರೆದು, ಕಾವ್ಯದ ಆತ್ಮ ಧ್ವನಿ ಎಂಬ ಪಕ್ಷವನ್ನು ಸ್ಥಾಪಿಸಿದ. ಬಾಯಿಬಿಟ್ಟು ಹೇಳಿದ್ದಕ್ಕಿಂತ ಹೇಳದೆ ಹೊಳೆಯುವುದೇ ಹಿರಿದು ಎಂಬುದು ಅವನ ವಾದ. ಅದೇ ಶತಮಾನದ ನಮ್ಮ ‘ಕವಿರಾಜಮಾರ್ಗ’ವೂ ಧ್ವನಿಯ ಹೆಸರೆತ್ತುತ್ತದೆ, ಆದರೆ ಅದನ್ನೊಂದು ಅಲಂಕಾರವೆಂದು ಎಣಿಸಿ ಮುಂದೆ ಹೋಗುತ್ತದೆ. ಆತ್ಮವೋ ಅಲಂಕಾರವೋ ಎಂಬ ಈ ವ್ಯಾಜ್ಯದಲ್ಲಿ ಎರಡೂ ಕಡೆಯವರು ಕಾಣದೆ ಹೋದ ಮೂರನೆಯ ಪಕ್ಷವೊಂದಿದೆ. ಧ್ವನಿ ಎಂದರೆ ಕೆಫೆಯ ಮೂಲೆಯಲ್ಲಿ ಮೂರು ಕಾಲಿನ ಸ್ಟ್ಯಾಂಡಿನ ಮೇಲೆ ನಿಂತ ಕಪ್ಪು ಪೆಟ್ಟಿಗೆ.

ಶಬ್ದಕ್ಕೆ ಅಭಿಧಾ, ಲಕ್ಷಣಾ, ವ್ಯಂಜನಾ ಎಂದು ಮೂರು ವೃತ್ತಿಗಳು. ನೇರವಾದ ಅರ್ಥವನ್ನು ಕೊಡುವುದು ಅಭಿಧಾ. ಇದು ಮಿಕ್ಸರಿನವರೆಗೆ ಬಂದು ಅಲ್ಲೇ ಅಸುನೀಗುತ್ತದೆ. ಲಕ್ಷಣೆಗೆ ಶಾಸ್ತ್ರಕಾರರು ಕೊಡುತ್ತ ಬಂದ ಹಳೆಯ ಉದಾಹರಣೆ ಗಂಗೆಯಲ್ಲಿರುವ ಘೋಷ. ಘೋಷವೆಂದರೆ ಗೊಲ್ಲರ ಹಟ್ಟಿ. ಹಟ್ಟಿ ನೀರಿನ ಮೇಲೆ ನಿಲ್ಲಲಾರದಾದ್ದರಿಂದ ಗಂಗೆ ಎಂದರೆ ಗಂಗೆಯ ದಡ ಎಂದು ಅರ್ಥ ಮಾಡಿಕೊಳ್ಳಬೇಕು. ಘೋಷಕ್ಕೆ ಗದ್ದಲವೆಂಬ ಅರ್ಥವೂ ಉಂಟಷ್ಟೆ. ಆ ಅರ್ಥ ಹಿಡಿದರೆ ಓಪನ್ ಮೈಕಿನಲ್ಲಿ ದಡ ಹುಡುಕುವ ತಾಪತ್ರಯವೇ ಇಲ್ಲ. ಗಂಗೆ ಎಲ್ಲಿದ್ದರೂ ಇರಲಿ, ಘೋಷ ಮಾತ್ರ ಇಲ್ಲಿದೆ. ಹೀಗೆ ಎರಡು ವೃತ್ತಿಗಳು ತೀರಿಕೊಂಡ ಮೇಲೆ ಉಳಿಯುವುದು, ಹೇಳದ್ದನ್ನು ಹೊಳೆಯಿಸುವ ವ್ಯಂಜನೆಯೊಂದೇ. ಆನಂದವರ್ಧನ ಬಯಸಿದ್ದೂ ಇದನ್ನೇ ಅಲ್ಲವೇ?

ಉದಾಹರಣೆಗೆ, ಹೋದ ಆಷಾಢದಲ್ಲಿ ತರುಣ ಕವಿಯೊಬ್ಬ ಊರಿನ ಮನೆಯ ಮೇಲೆ ಕವಿತೆ ಓದಿದ. ನನ್ನ ಟಿಪ್ಪಣಿ ಪುಸ್ತಕದಲ್ಲಿ ದಾಖಲಾದ ಪಾಠ ಇಷ್ಟು: ‘ಅಜ್ಜಿ... ಗುಂ ಗುಂ... ಬಾಗಿಲ... ಉಸ್ಸ್... ಇನ್ನಿಲ್ಲ.’ ಹಿಂದಿನ ಸಾಲಿನಲ್ಲಿ ಕೂತವರ ಪಾಠದಲ್ಲಿ ಅಜ್ಜಿಯೂ ಇರಲಿಲ್ಲ. ನನ್ನ ಪಕ್ಕದ ಹೆಂಗಸು ಸೆರಗಿನಿಂದ ಕಣ್ಣೊರೆಸಿಕೊಂಡರು. ಎದುರಿದ್ದ ಯುವಕ, “ಆ ಒಂದು ನಿಟ್ಟುಸಿರು ತಂದ್ರಲ್ಲ, ಅಲ್ಲಿ ನಾನು ಹೊರಟೋದೆ ಸಾರ್” ಎಂದ. ಆ ನಿಟ್ಟುಸಿರು ಹಾಲಿಗೆ ನೊರೆ ಬರಿಸುತ್ತಿದ್ದ ಕಾಫಿ ಯಂತ್ರದ್ದು. ಗ್ರಂಥಸಂಪಾದನೆಯ ನಿಯಮದಂತೆ ಕೊನೆಗೆ ಕವಿಯನ್ನೇ ಹಿಡಿದು ಮೂಲಪಾಠ ವಿಚಾರಿಸಿದೆ. “ಅಜ್ಜಿ ಗಟ್ಟಿಮುಟ್ಟಾಗಿದ್ದಾರೆ ಸಾರ್. ಬಾಗಿಲ ಚಿಲಕ ಇನ್ನಿಲ್ಲ ಅಂತ ಬರೆದಿದ್ದೆ” ಅಂದ. ಚಿಲಕಕ್ಕೆ ಯಾರೂ ಸೆರಗು ಒದ್ದೆ ಮಾಡಿಕೊಳ್ಳುತ್ತಿರಲಿಲ್ಲ ಎಂಬುದನ್ನು ವಿದ್ವಾಂಸರು ಗಮನಿಸಬೇಕು.

ಇನ್ನು ಸಹೃದಯನ ಲಕ್ಷಣ. ಕವಿಗೆ ಸಮಾನವಾದ ಹೃದಯವುಳ್ಳವನೇ ಸಹೃದಯನೆಂದು ಶಾಸ್ತ್ರ. ನಾನು ಕಂಡ ಗೋಷ್ಠಿಗಳಲ್ಲಿ ಅಂಥವನು ಸಿಕ್ಕುವುದು ದುರ್ಲಭ. ಕೇಳುಗನೆಂದರೆ ತನ್ನ ಸರದಿಗೆ ಕಾಯುತ್ತ, ಮೊಬೈಲಿನಲ್ಲಿ ತನ್ನದೇ ಕವಿತೆಯ ಕೊನೆಯ ಪದ ತಿದ್ದುತ್ತಿರುವ ಇನ್ನೊಬ್ಬ ಕವಿ. ಹೀಗಿರುವಾಗ ಶಾಸ್ತ್ರೋಕ್ತ ಸಹೃದಯತ್ವವು ಮೈಕಿಗೆ ಮಾತ್ರ ಸಲ್ಲುತ್ತದೆ. ಶ್ಯೂರ್ ಕಂಪನಿ 1966ರಲ್ಲಿ ಹೊರತಂದ ಎಸ್‌ಎಂ58 ಮತ್ತು ಅದರ ದಾಯಾದಿಗಳು ಎದುರಿನಿಂದ ಬಂದ ಸದ್ದನ್ನು ಚೆನ್ನಾಗಿ, ಬದಿಯದನ್ನು ಅರೆಬರೆಯಾಗಿ ಕೇಳುತ್ತವೆ. ಬೆನ್ನ ಹಿಂದಿನದಕ್ಕೆ ಹೆಚ್ಚುಕಡಿಮೆ ಕಿವುಡು. ಈ ಗ್ರಹಣಶಕ್ತಿಯನ್ನು ಕಾಗದದ ಮೇಲೆ ಗೆರೆಯಾಗಿ ಬರೆದರೆ ಅದು ಹೃದಯದ ಆಕಾರದಲ್ಲಿ ಬರುತ್ತದೆ. ಎಂಜಿನಿಯರುಗಳು ಅದಕ್ಕೆ ಇಟ್ಟ ಹೆಸರೇ ಕಾರ್ಡಿಯಾಯ್ಡ್, ಅಂದರೆ ಹೃದಯಾಕಾರ. ಮುಂದೆ ಹೇಳಿದ್ದನ್ನು ಕೇಳಿ, ಬೆನ್ನ ಹಿಂದೆ ಆಡಿದ್ದನ್ನು ಕೇಳಿಸಿಕೊಳ್ಳದ ಹೃದಯ ಇಡೀ ಸಾಹಿತ್ಯಲೋಕದಲ್ಲಿ ಇದೊಂದೇ ಇರಬೇಕು.

ಈ ಸಹೃದಯನನ್ನು ಕವಿಗಳು ನಡೆಸಿಕೊಳ್ಳುವ ರೀತಿ ನೋಡಿದರೆ ಕರುಳು ಕಿವುಚುತ್ತದೆ. ನಾದ ಹುಟ್ಟುವುದು ನಾಭಿಯಲ್ಲಿ ಎಂಬ ಸಂಗೀತಶಾಸ್ತ್ರದ ಮಾತನ್ನು ಅಕ್ಷರಶಃ ನಂಬಿ ಮೈಕನ್ನು ಹೊಕ್ಕುಳ ಬಳಿ ಹಿಡಿಯುವವರು ಒಂದು ಪಂಥ. ಜೋಳದ ತೆನೆಯಂತೆ ಬಾಯಿಗಿಟ್ಟುಕೊಳ್ಳುವವರು ಇನ್ನೊಂದು. ತೀರ ಹತ್ತಿರ ಹೋದರೆ ಈ ಜಾತಿಯ ಮೈಕು ಕೆಳಸ್ಥಾಯಿಯನ್ನು ಉಬ್ಬಿಸುತ್ತದೆ. ಆದ್ದರಿಂದ ಎರಡನೇ ಪಂಥದವರ ಪ್ರೇಮಗೀತೆಗಳೆಲ್ಲ ಯಮಧರ್ಮರಾಯನ ಸಮನ್ಸಿನಂತೆ ಕೇಳಿಸುತ್ತವೆ. ರ‍್ಯಾಪ್ ಹಾಡುವ ಹುಡುಗರದು ಮೂರನೇ ಪಂಥ. ಮೈಕಿನ ಗುಂಡನ್ನೇ ಮುಷ್ಟಿಯಲ್ಲಿ ಅಮುಕಿ ಹಿಡಿಯುತ್ತಾರೆ. ಹಿಂಬದಿಯ ರಂಧ್ರಗಳು ಮುಚ್ಚಿಹೋಗಿ ಹೃದಯಾಕಾರ ಕೆಡುತ್ತದೆ, ಮೈಕು ಸುತ್ತಲಿನದನ್ನೆಲ್ಲ ಕೇಳತೊಡಗುತ್ತದೆ. ಆಗ ಆರಂಭವಾಗುವುದೇ ಕುಯ್ಯೋ.

ಕುಯ್ಯೋ ಎಂಬುದಕ್ಕೆ ಭೌತಶಾಸ್ತ್ರದಲ್ಲಿ ಡೆನ್ಮಾರ್ಕಿನ ಸೋರೆನ್ ಲಾರ್ಸೆನ್ ಹೆಸರಿನಲ್ಲಿ ಲಾರ್ಸೆನ್ ಪರಿಣಾಮ ಎನ್ನುತ್ತಾರೆ. ಸ್ಪೀಕರಿನ ಸದ್ದು ಮೈಕಿಗೆ ಹೊಕ್ಕು, ಇನ್ನಷ್ಟು ದೊಡ್ಡದಾಗಿ ಸ್ಪೀಕರಿನಲ್ಲಿ ಹುಟ್ಟಿ, ಮತ್ತೆ ಮೈಕಿನ ಹೊಟ್ಟೆ ಸೇರುತ್ತದೆ. ಪುನರಪಿ ಜನ್ಮ ತಾಳುವ ಈ ಸಂಸಾರದಲ್ಲಿ ಆ ಕೋಣೆಗೆ ಪ್ರಿಯವಾದ ಒಂದು ಸ್ವರ ಉಳಿದೆಲ್ಲವನ್ನೂ ನುಂಗಿ ಕಿರುಚುತ್ತದೆ. ಮೋಕ್ಷಮಾರ್ಗ ಬಹಳ ಸರಳ: ಗೇನ್ ಇಳಿಸಬೇಕು, ಇಲ್ಲವೇ ಸ್ಪೀಕರಿನ ಎದುರಿಂದ ಸರಿಯಬೇಕು. ಆದರೆ ಕವಿಗಳು ಗಾಬರಿಯಾಗಿ, ಅಳುವ ಕೂಸಿನ ಬಾಯಿಗೆ ಅಂಗೈ ಒತ್ತಿದಂತೆ, ಮೈಕಿನ ತಲೆಯನ್ನು ಮುಚ್ಚುತ್ತಾರೆ. ಮುಚ್ಚಿದರೆ ಏನಾಗುತ್ತದೆಂದು ಮೇಲೆಯೇ ಹೇಳಿದೆ.

ವ್ಯಾಕರಣಕಾರರ ಸ್ಫೋಟವಾದಕ್ಕೂ ಇಲ್ಲಿ ಪ್ರತ್ಯಕ್ಷ ಪ್ರಮಾಣವಿದೆ. ಪ, ಬ ಎನ್ನುವಾಗ ತುಟಿಯಿಂದ ಹಾರಿದ ಗಾಳಿ ಮೈಕಿನ ತೆಳುಪೊರೆಗೆ ಬಡಿದು ‘ಢಂ’ ಎನ್ನುತ್ತದೆ. ಫ, ಭ ಬಂದರೆ ಕೇಳುವುದೇ ಬೇಡ. ಕನ್ನಡಕ್ಕೆ ಮಹಾಪ್ರಾಣಗಳು ಬೇಡವೆಂದು ಭಾಷಾವಿಜ್ಞಾನಿ ಡಿ.ಎನ್. ಶಂಕರ ಭಟ್ಟರು ವಾದಿಸಿದಾಗ ಎದ್ದ ಗಲಾಟೆ ಎಲ್ಲರಿಗೂ ಗೊತ್ತು. ಆ ವಾದದಲ್ಲಿ ಮೈಕಿನ ಅಭಿಪ್ರಾಯವನ್ನು ಯಾರೂ ಕೇಳಲಿಲ್ಲ. ‘ಭಗ್ನ ಭಾವದ ಫಣಿ’ ಎಂದು ಆರಂಭವಾಗುವ ನನ್ನದೇ ಕವಿತೆಯೊಂದು ದೀಪಾವಳಿಯ ಮುನ್ನಾದಿನ ವಾಚನಗೊಂಡಾಗ, ಕೆಳಗಿನ ಅಂಗಡಿಯವರು ಬಾಗಿಲಿಗೆ ಬಂದು ಮೇಲೆ ನೋಡಿದರು.

ಈಗ ರಂಗಮಂದಿರದ ವಿಚಾರ. ಭರತನ ‘ನಾಟ್ಯಶಾಸ್ತ್ರ’ದ ಎರಡನೇ ಅಧ್ಯಾಯ ಈ ವಿಷಯದಲ್ಲಿ ಖಡಾಖಂಡಿತ. ಮನುಷ್ಯರಿಗೆ 64 ಹಸ್ತ ಉದ್ದ, 32 ಹಸ್ತ ಅಗಲದ ಮನೆ ಸಾಕು. ಅದಕ್ಕಿಂತ ದೊಡ್ಡದಾದರೆ ಮಾತು ವಿಸ್ವರವಾಗುತ್ತದೆ. ಮನೆ ಬೆಟ್ಟದ ಗುಹೆಯಂತಿರಬೇಕು, ಕಿಟಕಿಗಳು ಸಣ್ಣವಿರಬೇಕು, ಗಾಳಿ ಆಡಬಾರದು. ನಮ್ಮ ಕೆಫೆಯಲ್ಲಿ ಮೂರು ಕಡೆ ಗಾಜು, ನೆಲಕ್ಕೆ ಟೈಲ್ಸು, ತಲೆಯ ಮೇಲೆ ಕಾಂಕ್ರೀಟು, ನಾಲ್ಕನೆಯ ಕಡೆ ರಸ್ತೆ. ಭರತಮುನಿ ಕಾರಿಡಾರಿನಲ್ಲೇ ಮೂರ್ಛೆ ಹೋಗುತ್ತಿದ್ದ.

ಭರತನ ಕೆಲಸವನ್ನು ಅಮೆರಿಕದಲ್ಲಿ ಮುಂದುವರಿಸಿದವನು ಹಾರ್ವರ್ಡಿನ ವಾಲೇಸ್ ಸಬೀನ್. 1895ರಲ್ಲಿ ಅಲ್ಲಿನ ಫಾಗ್ ಕಲಾ ಸಂಗ್ರಹಾಲಯದ ಉಪನ್ಯಾಸ ಕೋಣೆಯಲ್ಲಿ ಒಂದಕ್ಷರವೂ ತಿಳಿಯುವುದಿಲ್ಲವೆಂದು ದೂರು ಬಂತು. ಸಬೀನ್ ರಾತ್ರಿ ಹೊತ್ತು ಪಕ್ಕದ ನಾಟಕಶಾಲೆಯ ಕುರ್ಚಿಮೆತ್ತೆಗಳನ್ನು ಹೊತ್ತು ತಂದು, ಆರ್ಗನ್ ಕೊಳವೆ ಊದಿಸಿ, ಸದ್ದು ಅಡಗಲು ಎಷ್ಟು ಹೊತ್ತು ಬೇಕೆಂದು ಅಳೆದ. ತಾನು ತೊಟ್ಟ ಬಟ್ಟೆಯೂ ಲೆಕ್ಕ ತಪ್ಪಿಸುತ್ತದೆಂದು ಕಂಡು, ಆಮೇಲೆ ಒಂದೇ ಜೊತೆ ಬಟ್ಟೆಯಲ್ಲಿ ಪ್ರಯೋಗ ಮುಗಿಸಿದನಂತೆ. (ಒಂದೇ ಜುಬ್ಬಾದಲ್ಲಿ ಎಲ್ಲ ಗೋಷ್ಠಿಗೂ ಬರುವ ನಮ್ಮ ಹಿರಿಯ ಕವಿಗಳ ಮೇಲಿನ ಆಕ್ಷೇಪವನ್ನು ಈ ಹಿನ್ನೆಲೆಯಲ್ಲಿ ಮರುಪರಿಶೀಲಿಸಬೇಕು.) ಅವನ ಸೂತ್ರದ ತಿರುಳು ಇಷ್ಟೇ: ಕೋಣೆಯಲ್ಲಿ ಸದ್ದನ್ನು ಹೀರುವ ವಸ್ತು ಹೆಚ್ಚಿದಷ್ಟೂ ಅನುರಣನ ಕಡಿಮೆ. ಮೆತ್ತೆ ಹೀರುತ್ತದೆ, ಪರದೆ ಹೀರುತ್ತದೆ, ಬಟ್ಟೆ ತೊಟ್ಟ ಮನುಷ್ಯ ಚೆನ್ನಾಗಿಯೇ ಹೀರುತ್ತಾನೆ.

ಇದನ್ನು ಓಪನ್ ಮೈಕಿಗೆ ಅನ್ವಯಿಸಿದವರು ಇದುವರೆಗೆ ಯಾರೂ ಇಲ್ಲ; ಇದು ಪ್ರಬಂಧಕಾರನ ಸ್ವತಂತ್ರ ಕೊಡುಗೆ. ಪ್ರತಿ ಕವಿಯೂ ನಾಲ್ವರು ಗೆಳೆಯರನ್ನು ಕರೆತರುತ್ತಾನೆ, ತನ್ನದು ಮುಗಿದೊಡನೆ ಅವರ ಸಮೇತ ನಿರ್ಗಮಿಸುತ್ತಾನೆ. ಹೀರುವ ವಸ್ತು ಕ್ಷೀಣಿಸುತ್ತ ಹೋಗಿ ಅನುರಣನ ಏರುತ್ತದೆ. ಮೊದಲ ಕವಿಗೆ ತುಂಬಿದ ಮನೆ, ಮಂಕಾದ ಸದ್ದು. ಕೊನೆಯ ಕವಿಗೆ ನಿರೂಪಕ, ಮೇಜು ಒರೆಸುವವನು ಮತ್ತು ಗೋಲಗುಮ್ಮಟ. ವಿಜಯಪುರದಲ್ಲಿ ಮುಹಮ್ಮದ್ ಆದಿಲ್ ಶಾಹನ ಆ ಗೋರಿಯ ಮೇಲೆ ಸುಮಾರು 44 ಮೀಟರ್ ವ್ಯಾಸದ ಗುಮ್ಮಟವಿದ್ದು, ಪಿಸುಗುಟ್ಟಿದ್ದು ಆಚೆ ಬದಿಗೆ ಕೇಳಿಸುತ್ತದೆ, ಚಪ್ಪಾಳೆ ಹಲವು ಬಾರಿ ಮರಳುತ್ತದೆ. ನಿರೂಪಕನಿಲ್ಲದೆ, ಸರದಿಯ ಪಟ್ಟಿಯಿಲ್ಲದೆ, ಶಾಲಾ ಪ್ರವಾಸದ ಮಕ್ಕಳು ದಿನವಿಡೀ ನಡೆಸಿಕೊಡುವ ಓಪನ್ ಮೈಕ್ ಅದು. ಅಲ್ಲಿ ಒಬ್ಬನ ಚಪ್ಪಾಳೆಯೇ ಸಭೆಯ ಕರತಾಡನವಾಗುತ್ತದೆ. ಕೊನೆಯ ಕವಿಗೆ ಬೇಕಾದದ್ದೂ ಅದೇ.

ಧ್ವನಿಮುದ್ರಿಕೆಗಳನ್ನು ಸಾಕ್ಷ್ಯವಾಗಿ ಬಳಸಿಲ್ಲ. ನಮ್ಮ ದನಿ ನಮಗೆ ತಲೆಬುರುಡೆಯ ಮೂಳೆಯ ಮೂಲಕವೂ ಕೇಳಿಸುವುದರಿಂದ ತುಂಬಿ ಕೇಳಿಸುತ್ತದೆ, ಮುದ್ರಣದಲ್ಲಿ ಆ ಮೂಳೆ ಇಲ್ಲ. ನನ್ನದೆಂದು ಕೇಳಿಸಿದ ಆ ಕೀರಲು ದನಿ ಯಾರದೋ.

ಸಿದ್ಧಾಂತಕ್ಕೆ ನಿರ್ಣಾಯಕ ಪ್ರಯೋಗ ಬೇಕಿತ್ತು. ಅದು ತಾನಾಗಿಯೇ ಒದಗಿತು. ಭಾದ್ರಪದದ ಒಂದು ಭಾನುವಾರ ‘ನಿರ್ವಾತದ ನಿಟ್ಟುಸಿರು’ ಎಂಬ ನನ್ನ ದೀರ್ಘಕವಿತೆ ಓದಲು ನಿಂತೆ. ಹಿಂದಿನ ಮೂರು ವಾರವೂ ಇದಕ್ಕೆ ಭರ್ತಿ ಚಪ್ಪಾಳೆ ಬಿದ್ದಿತ್ತು. ಒಬ್ಬರು ಇದರಲ್ಲಿ ಅಲ್ಲಮನನ್ನು, ಮತ್ತೊಬ್ಬರು ಕಾವೇರಿ ವಿವಾದವನ್ನು ಕಂಡಿದ್ದರು. ಶೀರ್ಷಿಕೆ ಹೇಳಿ ಮುಗಿಸಿದೆ, ಕರೆಂಟು ಹೋಯಿತು. ಸ್ಪೀಕರಿನ ಗುಂಯ್ ನಿಂತಿತು. ಫ್ರಿಜ್ಜು ನಿಂತಿತು, ಕಾಫಿ ಯಂತ್ರ ಉಸಿರು ಬಿಗಿಹಿಡಿಯಿತು. ಮಳೆಗೆ ರಸ್ತೆಯೂ ಖಾಲಿ. ಯಾರೋ ಮೊಬೈಲ್ ಟಾರ್ಚು ಹಿಡಿದರು. “ಪರವಾಗಿಲ್ಲ ಸಾರ್, ಹಾಗೇ ಓದಿ, ಕೇಳುತ್ತೆ” ಎಂದ ನಿರೂಪಕ.

ಕೇಳಿತು. ಒಂದೊಂದು ಅಕ್ಷರವೂ, ಅರ್ಧ ಒತ್ತೂ ಬಿಡದೆ, ಹಿಂದಿನ ಸಾಲಿನವರೆಗೆ ಕೇಳಿತು. ಏಳು ನಿಮಿಷ ಓದಿ ಕನ್ನಡಕ ತೆಗೆದೆ. ಮೌನ. ಮಳೆಯ ಹನಿ ಎಣಿಸಬಹುದಾಗಿತ್ತು. ಕೊನೆಗೆ ಮುಂದಿನ ಸಾಲಿನ ಹಿರಿಯರೊಬ್ಬರು, ಬಹಳ ಸೌಜನ್ಯದಿಂದ, “ಅಂದ್ರೆ... ಮುಗೀತಾ?” ಎಂದರು.

ಕತ್ತಲಲ್ಲಿ ವೈರು ಸುತ್ತುತ್ತಿದ್ದ ಸೌಂಡಿನ ಹುಡುಗ ಬಳಿಗೆ ಬಂದು ತಗ್ಗಿದ ದನಿಯಲ್ಲಿ ಹೇಳಿದ: “ಬೇಜಾರು ಮಾಡ್ಕೋಬೇಡಿ ಸಾರ್. ಮುಂದಿನ ವಾರ ನಿಮಗೆ ಎಕೋ ಸ್ವಲ್ಪ ಜಾಸ್ತಿ ಹಾಕ್ತೀನಿ.”