ಕಾರ್ಬನ್ ರಾಯರು

ಶರೀರದ ಭಾರವನ್ನು ಇಳಿಸಿಕೊಳ್ಳಲೆಂದು ಪ್ರಾತಃಕಾಲದಲ್ಲಿ ಲಾಲ್‌ಬಾಗಿಗೆ ಪ್ರದಕ್ಷಿಣೆ ಬರುವವರನ್ನೂ, ಮನಸ್ಸಿನ ಭಾರವನ್ನು ಇಳಿಸಿಕೊಳ್ಳಲೆಂದು ಮಂತ್ರಾಲಯಕ್ಕೋ ಧರ್ಮಸ್ಥಳಕ್ಕೋ ಹೋಗಿಬರುವವರನ್ನೂ ನಾವೆಲ್ಲರೂ ಕಂಡಿದ್ದೇವೆ. ಆದರೆ ಮೊಳದುದ್ದದ ಆಟದ ಕಾರೊಂದರ ಭಾರವನ್ನು ಇಳಿಸುವ ಸಲುವಾಗಿ ತಮ್ಮ ರಜಾದಿನಗಳನ್ನೂ, ಭವಿಷ್ಯನಿಧಿಯ ಕಿಂಚಿದ್ಭಾಗವನ್ನೂ, ಮನೆಯವರ ಸಹನೆಯ ಬಹುಭಾಗವನ್ನೂ ಧಾರೆಯೆರೆದಿರುವ ಮಹನೀಯರನ್ನು ಕಾಣುವ ಭಾಗ್ಯ ಎಲ್ಲ ಊರಿನವರಿಗೂ ಇಲ್ಲ. ಬೆಂಗಳೂರಿನಲ್ಲಿ ಮಾತ್ರ ಬಡಾವಣೆಗೆ ಒಬ್ಬರಂತೆ ಇಂಥವರು ಇದ್ದೇ ಇರುತ್ತಾರೆ. ನಮ್ಮ ಬೀದಿಯಲ್ಲಿರುವವರಿಗೆ ತಂದೆತಾಯಿ ಇಟ್ಟ ಹೆಸರು ಬೇರೆ. ರೂಢಿಯಲ್ಲಿ ನಿಂತಿರುವ ಹೆಸರು ಕಾರ್ಬನ್ ರಾಯರು ಎಂಬುದು.

ರಾಯರು ವೃತ್ತಿಯಿಂದ ಕಂಪ್ಯೂಟರ್ ಕಂಪನಿಯೊಂದರ ಇಂಜಿನಿಯರು. ವಯಸ್ಸು ಐವತ್ತಕ್ಕೆ ಸಮೀಪ. ತೂಕ ತೊಂಬತ್ತು ಕಿಲೋಗ್ರಾಮಿಗೆ ಸಮೀಪ. ಈ ಎರಡನೆಯ ಅಂಕಿಯ ಬಗ್ಗೆ ಅವರದು ವೇದಾಂತಿಯ ನಿರ್ಲಿಪ್ತತೆ. ಅವರ ಗಮನವೆಲ್ಲ ಗ್ರಾಮುಗಳ ಮೇಲೆ. ಕಥೆ ಆರಂಭವಾದದ್ದು ಮಗನ ಹುಟ್ಟುಹಬ್ಬಕ್ಕೆ ತಂದ ರಿಮೋಟ್ ಕಾರಿನಿಂದ. ನಿಜವಾದ ಕಾರಿನ ಹತ್ತನೆಯ ಒಂದಂಶದ ಪ್ರಮಾಣದ ಆ ಕಾರು ಮೂರನೆಯ ದಿನವೇ ಫುಟ್‌ಪಾತಿನ ಕಲ್ಲಿಗೆ ಬಡಿದು ಅದರ ಪ್ಲಾಸ್ಟಿಕ್ ಚಾಸಿ ಸೀಳಿತು. ಬೇರೆ ತಂದೆಯಾಗಿದ್ದರೆ ಅಂಟು ಹಾಕಿ ಕೊಡುತ್ತಿದ್ದನು, ಇಲ್ಲವೇ ಗದರಿಸಿ ಅಟ್ಟಕ್ಕೆ ಎಸೆಯುತ್ತಿದ್ದನು. ರಾಯರು ಮುರಿದ ಭಾಗವನ್ನು ಬೆಳಕಿಗೆ ಹಿಡಿದು ದೀರ್ಘಕಾಲ ನೋಡಿ, “ಇದು ವಸ್ತುವಿನ ದೋಷ. ನಾವೇ ಕಾರ್ಬನ್ ಫೈಬರಿನಲ್ಲಿ ಮಾಡೋಣ” ಎಂದರು. ಆಗ ಮಾಧ್ಯಮಿಕ ಶಾಲೆಯಲ್ಲಿದ್ದ ಆ ಬಾಲಕ ಈಗ ಮೈಸೂರಿನಲ್ಲಿ ಇಂಜಿನಿಯರಿಂಗ್ ಓದುತ್ತಿದ್ದಾನೆ, ರಜೆಗೆ ಬಂದಾಗ, “ಅಪ್ಪಾ, ನನ್ನ ಕಾರು?” ಎಂದು ಕೇಳುವ ಸಂಪ್ರದಾಯವನ್ನು ಮಾತ್ರ ಬಿಟ್ಟಿಲ್ಲ.

ರಾಯರ ಮನೆಗೆ ಕಾಫಿಗೆ ಹೋದವನು ಬರಿಯ ಕಾಫಿ ಕುಡಿದು ಹಿಂದಿರುಗಿದ ದೃಷ್ಟಾಂತವಿಲ್ಲ. ಲೋಟ ಕೈಗೆ ಬರುತ್ತಲೇ ಪುರಾಣಪ್ರವಚನ ಮೊದಲಾಗುತ್ತದೆ. ಸ್ವೆಟರಿನ ಅಕ್ರಿಲಿಕ್ ನೂಲಿಗೆ ದಾಯಾದಿಯಾದ ಒಂದು ಎಳೆಯನ್ನು ಮೊದಲು ಗಾಳಿಯಲ್ಲಿ ಹದವಾಗಿ ಕಾಯಿಸಿ, ಬಳಿಕ ಗಾಳಿ ಸೋಕದ ಕುಲುಮೆಯಲ್ಲಿ ಸಾವಿರ ಡಿಗ್ರಿಗೂ ಮಿಗಿಲಾದ ಶಾಖಕ್ಕೆ ಒಡ್ಡಿದರೆ ಇಂಗಾಲವಲ್ಲದ್ದೆಲ್ಲ ಬಹುಮಟ್ಟಿಗೆ ಹೊರಟುಹೋಗಿ, ಐದರಿಂದ ಏಳು ಮೈಕ್ರಾನ್ ವ್ಯಾಸದ ತಂತು ಉಳಿಯುವುದೆಂದೂ, ಅಂಥ ಮೂರು ಸಾವಿರ ತಂತುಗಳು ಕೂಡಿದ ನೂಲಿನಿಂದ ತಮ್ಮ ಕಾರ್ಬನ್ ಬಟ್ಟೆ ನೇಯ್ದದ್ದೆಂದೂ ಅವರು ವಿವರಿಸುತ್ತಾರೆ. ತರುವಾಯ 1981ಕ್ಕೆ ಬರುತ್ತಾರೆ. ಆ ವರ್ಷ ಮಕ್ಲಾರೆನ್ ತಂಡದವರು ಜಾನ್ ಬಾರ್ನಾರ್ಡ್ ಎಂಬ ವಿನ್ಯಾಸಕಾರನ ಮಾತು ಕೇಳಿ ಕಾರ್ಬನ್ ಫೈಬರಿನ ಒಡಲುಳ್ಳ ಎಂಪಿ4/1 ಕಾರನ್ನು ಫಾರ್ಮುಲಾ ಒನ್ ಪಂದ್ಯಕ್ಕೆ ಇಳಿಸಿದಾಗ ಜನ ನಂಬಲಿಲ್ಲ. ಇಟಲಿಯ ಮೊಂಜಾದಲ್ಲಿ ಜಾನ್ ವಾಟ್ಸನ್ ಓಡಿಸುತ್ತಿದ್ದ ಅದೇ ಕಾರು ಅಪ್ಪಳಿಸಿ, ಇಂಜಿನ್ನು ಒಡಲಿನಿಂದ ಕಿತ್ತುಹೋದರೂ, ಆತ ಗಾಯವಿಲ್ಲದೆ ಇಳಿದು ನಡೆದುಬಂದ ಮೇಲೆ ನಂಬಿದರು. ಇಷ್ಟು ಹೇಳಿ ರಾಯರು ನಮ್ಮತ್ತ ನೋಡುವ ನೋಟದಲ್ಲಿ, ತಮ್ಮ ಕಾರಿನೊಳಗೆ ಕೂರುವ ಅಂಗುಲ ಪ್ರಮಾಣದ ಪ್ಲಾಸ್ಟಿಕ್ ಚಾಲಕನ ಪ್ರಾಣರಕ್ಷಣೆಯ ಹೊಣೆಯೂ ತಮ್ಮ ಮೇಲೆಯೇ ಇದೆಯೆಂಬ ಗಾಂಭೀರ್ಯವಿರುತ್ತದೆ. ತೇಜಸ್ ವಿಮಾನದ ಹೊರಮೈಯ ಬಹುಭಾಗ ಇದೇ ಜಾತಿಯ ವಸ್ತುವಿನದೆಂಬುದನ್ನೂ, ಆ ವಿದ್ಯೆ ಬೆಳೆದದ್ದು ಈ ಊರಿನಲ್ಲಿಯೇ ಎಂಬುದನ್ನೂ ಅವರು ಸ್ವಂತ ವಂಶಾವಳಿಯಂತೆ ಸೇರಿಸಿ ಹೇಳುತ್ತಾರೆ.

ಚಾಸಿಯ ಹಲಗೆಯನ್ನು ತಯಾರಿಸುವ ರಾತ್ರಿ ಆ ಮನೆಯಲ್ಲಿ ಗ್ರಹಣಕಾಲದ ನಿಯಮಗಳು ಜಾರಿಗೆ ಬರುತ್ತವೆ. ಎಂಟಕ್ಕೆ ಊಟ ಮುಗಿಯತಕ್ಕದ್ದು. ಎಂಟೂವರೆಗೆ ಟೀಪಾಯಿಯ ಗಾಜು ಊಟದ ಮೇಜಿನ ಮೇಲಕ್ಕೆ ಬರುತ್ತದೆ. ಆ ಮನೆಯಲ್ಲಿ ನಿಜವಾಗಿ ಸಮತಲವಾಗಿರುವ ವಸ್ತು ಅದೊಂದೇ ಎಂಬುದನ್ನು ರಾಯರು ಉಕ್ಕಿನ ಅಡಿಪಟ್ಟಿಯನ್ನು ಹೊರಳಿಸಿ ಹೊರಳಿಸಿ ಪರೀಕ್ಷಿಸಿ ನಿರ್ಣಯಿಸಿದ್ದಾರೆ. ಗಾಜಿಗೆ ಮೇಣದ ಲೇಪ, ಒರೆತ, ಪುನಃ ಲೇಪ. ಎರಡೂವರೆ ಮಿಲಿಮೀಟರ್ ದಪ್ಪಕ್ಕೆ ಬೇಕಾದ ಹತ್ತು ಹನ್ನೊಂದು ತುಂಡು ಬಟ್ಟೆ ಮೊದಲೇ ಕತ್ತರಿಸಿ ಸಾಲಾಗಿ ಇಡಲ್ಪಟ್ಟಿರುತ್ತವೆ. ಎಪಾಕ್ಸಿ ರಾಳವನ್ನೂ ಹಾರ್ಡನರನ್ನೂ ಅಕ್ಕಸಾಲಿಗರ ಎಲೆಕ್ಟ್ರಾನಿಕ್ ತಕ್ಕಡಿಯ ಮೇಲೆ ತೂಗುವಾಗ ಯಾರೂ ಉಸಿರಾಡಬಾರದು, ಏಕೆಂದರೆ ಅಂಕಿ ಅಲುಗುತ್ತದೆ. ಬೆರೆಸಿದ ಮೇಲೆ ಅರ್ಧ ಗಂಟೆಯೊಳಗೆ ಎಲ್ಲ ಮುಗಿಯಬೇಕು. ಒಮ್ಮೆ ಬೆರೆಸಿದ ರಾಳದ ಕಪ್ಪು ಕೈಯಲ್ಲಿದ್ದಾಗಲೇ ಆಫೀಸಿನಿಂದ ಫೋನ್ ಬಂದು, ರಾಯರು ಮರ್ಯಾದೆಗೆಂದು ಎರಡು ಮಾತನಾಡುವಷ್ಟರಲ್ಲಿ, ರಾಳವು ತನ್ನ ಕಾವಿಗೆ ತಾನೇ ಕುದಿದು ಹೊಗೆಯಾಡಿ ಕಪ್ಪನ್ನು ಕರಗಿಸಿ ಗಟ್ಟಿಯಾಗಿಬಿಟ್ಟಿತು. ಅಂದಿನಿಂದ ಫೋನು ಅವರ ತಾಯಿಯ ಮಡಿಲಲ್ಲಿ. “ಮಗು ಕೆಲಸದಲ್ಲಿದ್ದಾನೆ” ಎಂಬ ಆಕೆಯ ಉತ್ತರ ಕೇಳಿ ಅಧಿಕಾರಿಗಳಿಗೆ ಅವರ ಕಾರ್ಯನಿಷ್ಠೆಯ ವಿಷಯದಲ್ಲಿ ಗೌರವ ಹೆಚ್ಚಿದೆ.

ಪದರದ ಮೇಲೆ ಪದರವಿಟ್ಟು, ಹಳೆಯ ಎಟಿಎಂ ಕಾರ್ಡಿನಿಂದ ರಾಳವನ್ನು ಒತ್ತಿ ಎಳೆದು, ನೈಲಾನ್ ಬಟ್ಟೆ ಹೊದಿಸಿ, ಹೆಚ್ಚಿನ ರಾಳ ಹೀರಲು ಟರ್ಕಿ ಟವಲೊಂದನ್ನು ಬಲಿಗೊಟ್ಟು, ಎಲ್ಲವನ್ನೂ ಪ್ಲಾಸ್ಟಿಕ್ ಹಾಳೆಯಿಂದ ಮುಚ್ಚಿ ಅಂಚು ಭದ್ರಪಡಿಸಿದ ಬಳಿಕ, ಗುಜರಿಯಿಂದ ತಂದ ಹಳೆಯ ಫ್ರಿಜ್ಜಿನ ಕಂಪ್ರೆಸರು ಗುಡುಗಲಾರಂಭಿಸುತ್ತದೆ. ಒಳಗಿನ ಗಾಳಿ ಹೋದಂತೆ ಹೊರಗಿನ ವಾಯುಮಂಡಲವೇ ಅರ್ಧ ಟನ್ನಿನ ಭಾರದಿಂದ ಆ ಪದರಗಳನ್ನು ಅಮುಕುವುದೆಂಬುದು ಇದರ ಮರ್ಮ. ಇಲ್ಲಿ ರಾಯರಿಗೆ ಶಾಶ್ವತವಾದ ಒಂದು ಕೊರಗುಂಟು. ಬೆಂಗಳೂರು ಸಮುದ್ರಮಟ್ಟದಿಂದ ಮೂರು ಸಾವಿರ ಅಡಿ ಎತ್ತರದಲ್ಲಿರುವುದರಿಂದ ಇಲ್ಲಿಯ ವಾಯುಭಾರ ಶೇಕಡಾ ಹತ್ತರಷ್ಟು ಕಡಿಮೆ. ಜನರೆಲ್ಲ ಈ ಊರಿನ ಹವೆಯನ್ನು ಹೊಗಳುತ್ತಿದ್ದರೆ ಅವರು ಮಾತ್ರ, “ಮಂಗಳೂರಿನಲ್ಲಿ ಮನೆ ಮಾಡಿದ್ದರೆ ನನ್ನ ಚಾಸಿಗೆ ಹತ್ತು ಪೈಸೆ ಒತ್ತಡ ಜಾಸ್ತಿ ಸಿಗುತ್ತಿತ್ತು” ಎಂದು ನಿಟ್ಟುಸಿರಿಡುತ್ತಾರೆ.

ಮಧ್ಯರಾತ್ರಿಯ ಹೊತ್ತಿಗೆ ಎಲ್ಲಿಯೋ ಒಂದು ಸಣ್ಣ ಸುಯ್ ಶಬ್ದ. ಗಾಳಿ ಸೋರುತ್ತಿದೆ! ರಾಯರು ಮೊಣಕಾಲೂರಿ, ಹಾಳೆಯ ಅಂಚಿಗೆ ಕಿವಿ ಹಚ್ಚಿ, ಮೇಜಿನ ಸುತ್ತ ಅಂಗುಲ ಅಂಗುಲವಾಗಿ ತೆವಳುತ್ತಾರೆ.

“ಫ್ಯಾನ್ ಆರಿಸು!”

“ಆರಿಸಿದೆ, ರೀ. ಅದು ಫ್ಯಾನಲ್ಲ. ಅತ್ತೆಯವರ ಗೊರಕೆ.”

ವೈಫಲ್ಯಗಳನ್ನು ಲೆಕ್ಕವಿಡುವುದು ಸೌಜನ್ಯವಲ್ಲ. ನೇಯ್ಗೆಯ ದಿಕ್ಕು ನಡುಪದರದ ಇಕ್ಕೆಲದಲ್ಲಿ ಸರಿಸಮನಾಗಿಲ್ಲದಿದ್ದರೆ ಹಲಗೆ ಸೊಟ್ಟಗಾಗುತ್ತದೆ. ಹಾಗೆ ಸೊಟ್ಟಗಾದದ್ದೊಂದು ಈಗ ಬೀರುವಿನ ಕುಂಟುಗಾಲಿಗೆ ಆಸರೆಯಾಗಿದೆ. ಗಾಳಿ ಸೋರಿದ ರಾತ್ರಿಯದನ್ನು ಬೆಳಿಗ್ಗೆ ಬಿಚ್ಚಿ ಬಾಗಿಸಿ ನೋಡಿದಾಗ ಅಂಚು ಪದರ ಪದರವಾಗಿ ಎದ್ದುಬಂದದ್ದನ್ನು ಕಂಡು ಅವರ ಪತ್ನಿ, “ಚಿರೋಟಿ ಚೆನ್ನಾಗಿ ಬಂದಿದೆ, ಸಕ್ಕರೆ ಉದುರಿಸಲೇ?” ಎಂದು ಕೇಳಿದರಂತೆ. ಮತ್ತೊಂದನ್ನು ಆಕೆ ನಿರುಪಯುಕ್ತವೆಂದು ಭಾವಿಸಿ ಬಿಸಿ ಕುಕ್ಕರಿನ ಕೆಳಗಿಟ್ಟರು. ಅದು ಮೆತ್ತಗಾಗಿ ಕುಕ್ಕರಿನ ತಳದ ಆಕಾರ ತಾಳಿತು. ರಾಯರು ಕೋಪಿಸಿಕೊಳ್ಳಲಿಲ್ಲ, ಕೋಣೆಯ ಉಷ್ಣದಲ್ಲಿ ಗಟ್ಟಿಯಾದ ರಾಳಕ್ಕೆ ಇನ್ನಷ್ಟು ಕಾವು ಕೊಟ್ಟು ಹದಗೊಳಿಸದಿದ್ದರೆ ಅದು ಬಿಸಿ ತಾಳುವುದಿಲ್ಲವೆಂಬ ತತ್ತ್ವ ಇದರಿಂದ ಸಿದ್ಧವಾಯಿತೆಂದು ಪುಸ್ತಕದಲ್ಲಿ ಬರೆದಿಟ್ಟುಕೊಂಡರು.

ತತ್ಪರಿಣಾಮವಾಗಿ ಏಪ್ರಿಲ್ ತಿಂಗಳಿನಲ್ಲಿ ಮಹಡಿಯ ಮೇಲೆ ಸೂರ್ಯನಿಗಾಗಿ ತಾಯಿಮಕ್ಕಳಲ್ಲಿ ವ್ಯಾಜ್ಯ ಹುಟ್ಟಿತು. ಆಗ್ನೇಯದ ಮೂಲೆ, ಅಂದರೆ ನೆರೆಯವರ ತೆಂಗಿನ ನೆರಳು ಬೀಳದ ಏಕಮಾತ್ರ ಸ್ಥಳ, ತಲೆತಲಾಂತರದಿಂದ ಸಂಡಿಗೆಯದು. ರಾಯರು ಅಲ್ಲಿ ಕಪ್ಪು ತಗಡು ಹಾಸಿ, ಚಾಸಿಯನ್ನಿಟ್ಟು, ಮೇಲೆ ಗಾಜು ಮುಚ್ಚಿ ಉಷ್ಣಮಾಪಕ ಚುಚ್ಚಿದರು. ಕೊನೆಗೆ ರಾಜಿಯಾಯಿತು: ಹನ್ನೆರಡರವರೆಗೆ ಸಂಡಿಗೆ, ಆಮೇಲೆ ಕಾರ್ಬನ್, ಕಾಗೆ ಕಾಯುವ ಕರ್ತವ್ಯ ಮಾತ್ರ ಪೂರ್ತಿ ರಾಯರದು.

ಕತ್ತರಿಸುವ ಕೆಲಸ ಸ್ನಾನದ ಮನೆಯಲ್ಲಿ, ಬಕೆಟ್ಟಿನ ನೀರಿನೊಳಗೆ, ಸಣ್ಣ ಗರಗಸದಿಂದ. ಒಣಗಿದ್ದಾಗ ಕೊಯ್ದರೆ ಏಳುವ ಧೂಳು ಶ್ವಾಸಕೋಶಕ್ಕೆ ಕೆಟ್ಟದ್ದು, ಚರ್ಮಕ್ಕೆ ನವೆ, ವಿದ್ಯುದ್ವಾಹಕವಾದ್ದರಿಂದ ಕಂಪ್ಯೂಟರಿಗೂ ಅಪಾಯ. ಮೂಗಿಗೆ ಮಾಸ್ಕ್, ಕೈಗೆ ಗ್ಲೌಸ್, ಸೊಂಟಕ್ಕೆ ಪಂಚೆ, ಇವಿಷ್ಟರಲ್ಲಿ ಮಣೆಯ ಮೇಲೆ ಕುಳಿತು ಮೂರು ಮಿಲಿಮೀಟರ್ ಸ್ಕ್ರೂವಿನ ತೂತುಗಳನ್ನು ಕೊರೆಯುತ್ತಿರುವ ರಾಯರನ್ನು ಕಿಟಕಿಯಿಂದ ಕಂಡ ಹಾಲಿನವನು ಆ ಮನೆಯ ವಿಷಯದಲ್ಲಿ ಏನೇನು ಊಹಿಸಿದನೋ ತಿಳಿಯದು; ಅಂದಿನಿಂದ ಹಾಲನ್ನು ಗೇಟಿನಲ್ಲಿಯೇ ಇಟ್ಟುಹೋಗುತ್ತಾನೆ. ಕೊರೆದ ಅಂಚುಗಳಿಗೆಲ್ಲ ಫೆವಿಕ್ವಿಕ್ ಹಚ್ಚಿ, ವಾಟರ್ ಪೇಪರಿನಿಂದ ಉಜ್ಜಿ ನಯ ಮಾಡಿದ ಮೇಲೆ ಚಾಸಿ ಸಿದ್ಧವಾಯಿತು. ತೂಕ 110 ಗ್ರಾಂ. ಅದೇ ಅಳತೆಯ ಅಲ್ಯೂಮಿನಿಯಂ ಆಗಿದ್ದರೆ ಸುಮಾರು 185 ಗ್ರಾಂ.

ಈ ಎಪ್ಪತ್ತೈದು ಗ್ರಾಮಿನ ವಿಜಯೋತ್ಸವ ಮುಗಿಯುವ ಮೊದಲೇ ಅವರು ಸೀಸದ ತುಂಡುಗಳನ್ನು ಚಾಸಿಗೆ ಅಂಟಿಸುತ್ತಿದ್ದುದನ್ನು ನಾನು ಕಂಡೆನು. ಕಾರಣ ಕೇಳಿದರೆ, ಸ್ಪರ್ಧೆಗಳಲ್ಲಿ ಕಾರಿಗೆ ಕನಿಷ್ಠ ತೂಕದ ನಿಯಮವುಂಟೆಂದೂ, ತಮ್ಮದು ಈಗ ಅದಕ್ಕಿಂತ ಹಗುರವಾಗಿಬಿಟ್ಟಿದೆಯೆಂದೂ, ಉಳಿಸಿದ ಭಾರವನ್ನು ನೆಲಕ್ಕೆ ಹತ್ತಿರ, ಎಡಬಲ ಸಮವಾಗಿ, ಬೇಕಾದಲ್ಲಿ ಇಡುವ ಸ್ವಾತಂತ್ರ್ಯವೇ ಈ ಸಾಧನೆಯ ಫಲವೆಂದೂ ಹೇಳಿದರು. ಶಾಸ್ತ್ರ ಸರಿಯಾಗಿಯೇ ಇದೆ. ನಾನು ವಿಚಾರಿಸಿ ನೋಡಿದ್ದೇನೆ. ಅವರು ಯಾವ ಸ್ಪರ್ಧೆಗೂ ಹೋಗುವವರಲ್ಲ ಎಂಬುದನ್ನು ನಾನು ಎತ್ತಲಿಲ್ಲ. ಕಾರೆಂಬುದು ಆ ಹಲಗೆಯ ಮೇಲೆ ಕೂರಲು ಬಂದ ಅತಿಥಿಯೆಂಬುದು ನನಗೆ ಅಷ್ಟು ಹೊತ್ತಿಗೆ ಮನವರಿಕೆಯಾಗಿತ್ತು.

ಆದರೂ ಒಂದು ಭಾನುವಾರ ಬಡಾವಣೆಯ ಮೈದಾನದಲ್ಲಿ ಓಡಿಸಿದರು. ಕಾರು ನಾಲ್ಕು ಮಾರು ಹೋಗಿ ಬೆದರಿದಂತೆ ನಿಂತಿತು. ಕಾರ್ಬನ್ ಹಲಗೆ ರೇಡಿಯೋ ಅಲೆಯನ್ನು ತಡೆಯುವುದರಿಂದ, ಅದಕ್ಕೆ ಅಂಟಿಕೊಂಡಂತೆ ಮಲಗಿಸಿದ್ದ ಆಂಟೆನಾಕ್ಕೆ ಕೈಯಲ್ಲಿಯ ಯಂತ್ರದ ಆಜ್ಞೆ ಸರಿಯಾಗಿ ತಲುಪುತ್ತಿರಲಿಲ್ಲ. ಅದನ್ನು ಸಣ್ಣ ಕೊಳವೆಯಲ್ಲಿ ಮೇಲಕ್ಕೆ ನಿಲ್ಲಿಸಿದೊಡನೆ ಕಾರು ಚಿಮ್ಮಿ ಮೈದಾನದ ಇನ್ನೊಂದು ತುದಿಯನ್ನು ಕಣ್ಣು ಮಿಟುಕಿಸುವಷ್ಟರಲ್ಲಿ ಮುಟ್ಟಿತು. ಹುಡುಗರು ಕೇಕೆ ಹಾಕಿದರು. ರಾಯರು ಓಡಿಹೋಗಿ ಅದನ್ನೆತ್ತಿ ಅಂಗಾತ ಹಿಡಿದರು. ಗಾಜಿನ ಹೊಳಪಿದ್ದ ತಳದಲ್ಲಿ ಉದ್ದಕ್ಕೂ ಒಂದು ಗೀರು.

ಅವರು ಮಾತನಾಡದೆ ಮನೆಗೆ ಬಂದರು. ಆ ಚಾಸಿ ಈಗ ನಡುಮನೆಯ ಗೋಡೆಯ ಮೇಲೆ, ಗೀರು ಕಾಣದಂತೆ ಬೆಳಕು ಬೀಳುವ ಕೋನದಲ್ಲಿ, ಮದುವೆಯ ಫೋಟೋ ಇದ್ದ ಮೊಳೆಗೆ ತೂಗುತ್ತಿದೆ. ಓಡಿಸುವುದಕ್ಕೆ ಬೇರೊಂದು ತಯಾರಾಗುತ್ತಿದೆ. ಅದಕ್ಕೆ ಅಲ್ಯೂಮಿನಿಯಂ ಹಾಕುವುದೋ ಬೇಡವೋ ಎಂಬ ಜಿಜ್ಞಾಸೆಯೂ ನಡೆದಿದೆ, ಏಕೆಂದರೆ ಕಾರ್ಪೆಟ್ಟಿನ ಮೇಲಿನ ಪಂದ್ಯಗಳಲ್ಲಿ ಈಗ ಅದನ್ನೂ ಮೆಚ್ಚುವವರಿದ್ದಾರಂತೆ. ಮೊನ್ನೆ ಹೋದಾಗ ಗೋಡೆಯಿಂದ ಇಳಿಸಿ, “ಹಿಡಿದು ನೋಡಿ ಸ್ವಾಮಿ, ಎಷ್ಟು ಹಗುರ!” ಎಂದು ಮುಂದೆ ಚಾಚಿದರು. ನಾನು ಕೈ ನೀಡುತ್ತಲೇ ಹಿಂದಕ್ಕೆಳೆದುಕೊಂಡು ಹೇಳಿದರು: “ಒಂದು ನಿಮಿಷ. ಕೋಡುಬಳೆ ತಿಂದ ಕೈ. ಸೋಪು ಹಾಕಿ ತೊಳೆದುಕೊಂಡು ಬನ್ನಿ. ಜಿಡ್ಡಿಗೂ ತೂಕವಿದೆ.”