ಹನ್ನೊಂದೇ ತಿಂಗಳು ಯಾಕೆ ಸ್ವಾಮಿ?

"ನಮ್ಮನೆಯವರ ಥರ ಇರಿ ಸಾರ್. ಎಷ್ಟು ವರ್ಷ ಬೇಕಾದ್ರೂ ಇರಿ."

ಬೆಂಗಳೂರಿನ ಓನರ್ ಇಷ್ಟು ಹೇಳಿ ಮುಗಿಸುವಷ್ಟರಲ್ಲಿ ಅಗ್ರಿಮೆಂಟ್ ಟೀಪಾಯಿ ಮೇಲೆ ಬಂದು ಬೀಳುತ್ತದೆ. ಅವಧಿ 11 ತಿಂಗಳು. ಮನೆಯವರಿಗೂ ಎಕ್ಸ್‌ಪೈರಿ ಡೇಟ್ ಹಾಕುವ ಸಂಸಾರ ಇದೊಂದೇ ಇರಬೇಕು.

ಈ ವಾತ್ಸಲ್ಯಕ್ಕೆ ಅಡ್ವಾನ್ಸ್ ಎಷ್ಟು? ಈ ಊರಿನ ಹಳೇ ಲೆಕ್ಕ 10 ತಿಂಗಳ ಬಾಡಿಗೆ. ಈಗೀಗ ಕೆಲವರು ದೊಡ್ಡ ಮನಸ್ಸು ಮಾಡಿ ಐದಾರಕ್ಕೆ ಇಳಿದಿದ್ದಾರೆ. 11 ತಿಂಗಳ ವಾಸಕ್ಕೆ 10 ತಿಂಗಳ ಠೇವಣಿ, ಬಡ್ಡಿ ಸೊನ್ನೆ. ಖಾಲಿ ಮಾಡುವಾಗ ಒಂದು ತಿಂಗಳ ಬಾಡಿಗೆಯನ್ನು ಪೇಂಟಿಂಗ್‌ಗೆಂದು ಮುರಿದುಕೊಳ್ಳುತ್ತಾರೆ. ಪೇಂಟ್ ಹೊಡೆಸಿದರೋ ಇಲ್ಲವೋ ಎಂದು ಕೇಳಬಾರದು. ವಾಸದ ಮನೆಗೆ ಎರಡು ತಿಂಗಳಿಗಿಂತ ಹೆಚ್ಚು ಠೇವಣಿ ಬೇಡ ಎಂದು ಕೇಂದ್ರದ ಮಾದರಿ ಬಾಡಿಗೆ ಕಾಯ್ದೆ 2021ರಲ್ಲೇ ಹೇಳಿತು. ನಮ್ಮ ರಸ್ತೆಯ ಟು-ಲೆಟ್ ಬೋರ್ಡುಗಳಿಗೆ ಆ ಸುದ್ದಿ ಇನ್ನೂ ತಲುಪಿಲ್ಲ.

ಹನ್ನೊಂದೇ ಯಾಕೆ ಎಂದು ಕೇಳಿ ನೋಡಿ. "ಅದು ಕಾನೂನು ಸಾರ್."

ಅಲ್ಲ. 1908ರ ನೋಂದಣಿ ಕಾಯ್ದೆಯ 17ನೇ ಸೆಕ್ಷನ್ ಹೇಳುವುದು, ಒಂದು ವರ್ಷ ಮೀರಿದ ಗುತ್ತಿಗೆಯನ್ನು ರಿಜಿಸ್ಟರ್ ಮಾಡಿಸಬೇಕು ಎಂದು. ಎರಡು ವರ್ಷಕ್ಕೆ ಕೊಡಬೇಡಿ, ಮೂರು ವರ್ಷಕ್ಕೆ ಕೊಡಬೇಡಿ ಎಂದು ಯಾವ ಪುಟದಲ್ಲೂ ಇಲ್ಲ. ಲೆಕ್ಕಕ್ಕೆ 12 ತಿಂಗಳೂ ಒಂದು ವರ್ಷ ಮೀರಿದ್ದಲ್ಲ. ಆದರೂ ನಮ್ಮವರು ಒಂದು ತಿಂಗಳು ಹಿಂದೆಯೇ ನಿಲ್ಲುತ್ತಾರೆ. ಸಬ್ ರಿಜಿಸ್ಟ್ರಾರ್ ಕಚೇರಿಯ ಗಾಳಿಯೂ ಸೋಕಬಾರದಲ್ಲ!

ಎರಡನೇ ಉತ್ತರ ದನಿ ತಗ್ಗಿಸಿ ಬರುತ್ತದೆ. "ಹನ್ನೆರಡು ವರ್ಷ ಇದ್ರೆ ಮನೆ ಅವರದ್ದೇ ಆಗ್ಬಿಡತ್ತಂತೆ."

ದೇವರಾಜ ಅರಸು ಸರ್ಕಾರ 1974ರಲ್ಲಿ ಭೂಸುಧಾರಣೆ ಕಾಯ್ದೆಗೆ ತಿದ್ದುಪಡಿ ತಂದು ಗೇಣಿದಾರರಿಗೆ ಜಮೀನು ಕೊಡಿಸಿತು. ಕೊಡಿಸಿದ್ದು ಸಾಗುವಳಿ ಜಮೀನು. ಆದರೆ ಅಂದು ಊರಿನ ಗದ್ದೆ ಕಳೆದುಕೊಂಡವರ ಮೊಮ್ಮಕ್ಕಳು ಇಂದು ಜಯನಗರದ ಎರಡನೇ ಮಹಡಿಯೂ ಹೋದೀತೆಂದು ಬೆವರುತ್ತಿದ್ದಾರೆ. ಬಾಡಿಗೆದಾರ ಮನೆಯೊಳಗಿರುವುದೇ ಓನರ್ ಒಪ್ಪಿಗೆಯಿಂದ. ಹಾಗಿರುವವನು ಹನ್ನೆರಡಲ್ಲ, ಇಪ್ಪತ್ತನಾಲ್ಕು ವರ್ಷ ಇದ್ದರೂ ಬಾಡಿಗೆದಾರನೇ.

ಭಯಕ್ಕೆ ಒಂದು ಕಾಲದಲ್ಲಿ ಕಾರಣವಿತ್ತು, ಇಲ್ಲವೆನ್ನಬಾರದು. 1961ರ ಬಾಡಿಗೆ ನಿಯಂತ್ರಣ ಕಾಯ್ದೆಯ ದಿನಗಳಲ್ಲಿ ಮನೆ ಬಿಡಿಸಲು ಓನರ್‌ಗಳು ಕೋರ್ಟಿಗೆ ಅಲೆದಲೆದು ಚಪ್ಪಲಿ ಸವೆಸಿದರು. ಆಮೇಲೆ 1999ರ ಬಾಡಿಗೆ ಕಾಯ್ದೆ ಬಂತು. ಬೆಂಗಳೂರಿನಲ್ಲಿ ತಿಂಗಳಿಗೆ 3,500 ರೂಪಾಯಿ ಮೀರಿದ ಬಾಡಿಗೆ ತನ್ನ ವ್ಯಾಪ್ತಿಗೆ ಸೇರಿದ್ದಲ್ಲ ಎಂದು ಅದು ಕೈತೊಳೆದುಕೊಂಡಿತು. 3,500ಕ್ಕೆ ಇವತ್ತು ಈ ಊರಿನಲ್ಲಿ ಕಾರು ನಿಲ್ಲಿಸಲು ಜಾಗ ಸಿಕ್ಕರೆ ಪುಣ್ಯ. ಯಾವ ಕಾಯ್ದೆಗೆ ಓನರ್ ನಡುಗುತ್ತಾರೋ ಅದು ಅವರ ಗೇಟು ದಾಟುವುದೇ ಇಲ್ಲ. ಬಾಡಿಗೆದಾರನನ್ನು ಕಾಯುವುದಕ್ಕೂ ದಾಟುವುದಿಲ್ಲ, ಅದು ಬೇರೆ ಮಾತು.

ಹೋಗಲಿ, ಹನ್ನೊಂದು ತಿಂಗಳ ಪತ್ರ ಓನರನ್ನಾದರೂ ಕಾಯುತ್ತದೆಯೇ? ಅವಧಿ ಮುಗಿಯಿತು, ಬಾಡಿಗೆದಾರ ಹೋಗಲಿಲ್ಲ, ಓನರ್ ಬಾಡಿಗೆ ಈಸಿಕೊಂಡರು ಎನ್ನಿ. 1882ರ ಆಸ್ತಿ ವರ್ಗಾವಣೆ ಕಾಯ್ದೆ ಅದನ್ನು ತಿಂಗಳ ಬಾಡಿಗೆ ಎಂದು ನೋಡುತ್ತದೆ. ಬಿಡಿಸಲು 15 ದಿನದ ನೋಟಿಸ್ ಕೊಡಬೇಕು. ಅದಕ್ಕೂ ಜಗ್ಗದೆ ಕೂತವನನ್ನು ಎಬ್ಬಿಸಲು ಕೋರ್ಟೇ ಗತಿ. ಪತ್ರದಲ್ಲಿ 11 ಇದ್ದರೂ ಅಷ್ಟೇ, 36 ಇದ್ದರೂ ಅಷ್ಟೇ. ನಿಜವಾಗಿ ಭಯವಿದ್ದವರು ಮೂರು ವರ್ಷಕ್ಕೆ ರಿಜಿಸ್ಟರ್ ಮಾಡಿಸುತ್ತಾರೆ. ವರ್ಷಕ್ಕೆ ಇಷ್ಟು ಏರಿಕೆ, ಬಿಡಲು ಇಬ್ಬರಿಗೂ ಎರಡು ತಿಂಗಳ ನೋಟಿಸ್ ಎಂದು ಅದರಲ್ಲೇ ಬರೆಸುತ್ತಾರೆ. ಜಡ್ಜ್ ಮುಂದೆ ಗಟ್ಟಿಯಾಗಿ ನಿಲ್ಲುವುದು ಆ ಪತ್ರ.

ಆದರೆ ರಿಜಿಸ್ಟರ್ ಮಾಡಿಸಿದರೆ ಬಾಡಿಗೆ ಎಷ್ಟೆಂದು ಸರ್ಕಾರದ ದಾಖಲೆಯಲ್ಲಿ ಕೂತುಬಿಡುತ್ತದೆ. ಇಡೀ ಸಂಕಟ ಇರುವುದು ಇಲ್ಲಿ.

ಬಾಡಿಗೆ 28,000. ಪತ್ರದಲ್ಲಿ 15,000. "ಉಳಿದಿದ್ದು ಕ್ಯಾಶ್ ಕೊಟ್ಬಿಡಿ." ವರ್ಷಕ್ಕೆ ಒಂದು ಲಕ್ಷ ಮೀರಿದ ಬಾಡಿಗೆ ತೋರಿಸಿ ಎಚ್‌ಆರ್‌ಎ ವಿನಾಯಿತಿ ಕೇಳಿದರೆ ಓನರ್ ಪ್ಯಾನ್ ನಂಬರ್ ಕೊಡಬೇಕು. ಹಾಗಾಗಿ "ಎಚ್‌ಆರ್‌ಎ ಗಿಚ್‌ಆರ್‌ಎ ಎಲ್ಲ ಬೇಡ ಸಾರ್". ಇದೇ ಓನರ್ ಮಗ ಹೈದರಾಬಾದಿನಲ್ಲಿ ಬಾಡಿಗೆಗಿರುತ್ತಾನೆ. ಅಲ್ಲಿನ ಓನರ್ ಪ್ಯಾನ್ ಕೊಡಲಿಲ್ಲವೆಂದು ಇಲ್ಲಿ ಅಪ್ಪ-ಅಮ್ಮ ಆ ಊರಿಗೇ ಶಾಪ ಹಾಕುತ್ತಾರೆ. ಮನೆ ರಿಪೇರಿ ಮಾಡಿಸಲಿ ಬಿಡಲಿ, ಬಾಡಿಗೆ ವರಮಾನದಲ್ಲಿ ಶೇ 30ರಷ್ಟನ್ನು ಆದಾಯ ತೆರಿಗೆ ಇಲಾಖೆ ಕೇಳದೆಯೇ ಬಿಟ್ಟುಕೊಡುತ್ತದೆ. ಅದೂ ಸಾಲದು. ಸಂಜೆ ಪಾರ್ಕಿನ ಬೆಂಚಿನಲ್ಲಿ ಕೂತು, ದೇಶ ಹಾಳಾಗಿದ್ದು ಕಪ್ಪುಹಣದಿಂದ ಎಂದು ಭಾಷಣ ಬಿಗಿಯುವವರೂ ಇವರೇ.

ಹನ್ನೊಂದರಲ್ಲಿ ಇನ್ನೊಂದು ಸೊಗಸಿದೆ. ಏರಿಕೆ ವರ್ಷಕ್ಕೊಮ್ಮೆ ಅಲ್ಲ, ಹನ್ನೊಂದು ತಿಂಗಳಿಗೊಮ್ಮೆ. 20,000ದಿಂದ ಶುರುಮಾಡಿ ಶೇ 5ರಂತೆ ಏರಿಸುತ್ತ ಹೋಗಿ. ವರ್ಷಕ್ಕೊಮ್ಮೆ ಏರಿಸಿದರೆ ಹನ್ನೊಂದನೇ ವರ್ಷದಲ್ಲಿ 32,578. ಹನ್ನೊಂದು ತಿಂಗಳಿಗೊಮ್ಮೆ ಏರಿಸಿದರೆ ಅದೇ ವರ್ಷದ ಕೊನೆಗೆ 34,207. ಓನರ್ ಕ್ಯಾಲೆಂಡರಿನಲ್ಲಿ ಯುಗಾದಿ ಬೇಗ ಬರುತ್ತದೆ.

ಮಗುವನ್ನು ಶಾಲೆಗೆ ಸೇರಿಸಿ ಜೂನ್‌ನಲ್ಲಿ ಮನೆ ಹಿಡಿದವನ ಪಾಡು ಕೇಳಿ. ಅವಧಿ ಮೊದಲ ಸಲ ಏಪ್ರಿಲ್‌ಗೆ ಮುಗಿಯುತ್ತದೆ, ಎರಡನೇ ಸಲ ಮಾರ್ಚ್‌ಗೆ. ಮಗುವಿಗೆ ಪರೀಕ್ಷೆ, ಅಪ್ಪನಿಗೆ ಮನೆ ಹುಡುಕಾಟ.

ಅವಧಿ ಇಬ್ಬರನ್ನೂ ಸಮನಾಗಿ ಕಟ್ಟಿಹಾಕುತ್ತದೆ ಎಂದುಕೊಂಡಿರಾ? ಹನ್ನೊಂದು ತಿಂಗಳ ಮೊದಲೇ ನೀವು ಬಿಟ್ಟರೆ ಅಡ್ವಾನ್ಸಿನಲ್ಲಿ ಕಟ್. ಓನರ್ ತಮ್ಮನ ಸಂಸಾರ ಊರಿನಿಂದ ಬಂದರೆ ಹದಿನೈದು ದಿನದಲ್ಲಿ ನೀವು ಬೀದಿಗೆ. ಅದಕ್ಕೆ ಯಾವ ಕಟ್ಟೂ ಇಲ್ಲ.

ನವೀಕರಣದ ವೈಭವ ನೋಡಬೇಕಾದರೆ ಝೆರಾಕ್ಸ್ ಅಂಗಡಿಗೆ ಹೋಗಿ. ಹುಡುಗ ಹಳೇ ಫೈಲ್ ತೆರೆದು ತಾರೀಕು ಬದಲಿಸುತ್ತಾನೆ. ಮೊದಲ ಪುಟದಲ್ಲಿ ನಿಮ್ಮ ಹೆಸರು, ಮೂರನೇ ಪುಟದಲ್ಲಿ ನಿಮಗಿಂತ ಮೊದಲಿದ್ದವನದು. ಕೊನೆಗೆ ಫ್ಯಾನ್ 3, ಟ್ಯೂಬ್‌ಲೈಟ್ 4, ಗೀಸರ್ 1 ಎಂಬ ಪಟ್ಟಿ. ಗೀಸರ್ ಕೆಟ್ಟು ಯಾವ ಕಾಲವಾಯಿತೋ. ಸಾಕ್ಷಿಗೆ ಆಧಾರ್ ಝೆರಾಕ್ಸ್ ಮಾಡಿಸಲು ಬಂದ ಯಾರೋ ಪುಣ್ಯಾತ್ಮ. ನೋಟರಿ ತಲೆ ಎತ್ತದೆ ಸೀಲು ಕುಟ್ಟುತ್ತಾರೆ. ಇಷ್ಟು ಸುಳ್ಳುಗಳಿಗೆ ಇ-ಸ್ಟಾಂಪ್ ಕಾಗದ ಬೇರೆ.

ಬಾಡಿಗೆದಾರರೇನು ಕಮ್ಮಿಯಿಲ್ಲ. ರಿಜಿಸ್ಟರ್ ಮಾಡಿಸೋಣ, ಖರ್ಚು ಅರ್ಧರ್ಧ ಹಾಕೋಣ ಎಂದರೆ ಮೊದಲು ಹಿಂದೆ ಸರಿಯುವವರು ಅವರೇ.

ಓನರ್ ಮಹಾಶಯರೇ, ಐದು ವರ್ಷ ಇರುವ ಒಳ್ಳೇ ಫ್ಯಾಮಿಲಿ ಬೇಕಿದ್ದರೆ ಐದು ವರ್ಷಕ್ಕೆ ಬರೆದುಕೊಡಿ. ತೆರಿಗೆ ಕಟ್ಟುವ ಮನಸ್ಸಿಲ್ಲದಿದ್ದರೆ ಹಾಗೆಂದೇ ಹೇಳಿ. ಕಾನೂನಿನ ತಲೆಗೆ ಕಟ್ಟಬೇಡಿ.