ಬೌಲಿಂಗ್ ಬೇಕು, ಬೌಲರ್ ಬೇಡ

ವೈಟ್‌ಫೀಲ್ಡ್ ಕಡೆಯ ಅಪಾರ್ಟ್‌ಮೆಂಟ್‌ಗಳಲ್ಲಿ ಈಗ ಬೌಲರ್ ಇಲ್ಲದೆಯೇ ಬ್ಯಾಟಿಂಗ್ ಕಲಿಸುತ್ತಾರೆ. ನೆಟ್ ಇದೆ, ಪ್ಲಾಸ್ಟಿಕ್ ಹುಲ್ಲಿದೆ, ಫ್ಲಡ್‌ಲೈಟ್ ಇದೆ. ಎದುರಿಗೆ ಬೌಲಿಂಗ್ ಮಷೀನ್. ಗಂಟೆಗಿಷ್ಟು ಅಂತ ದರ. ಟೈಮಿಂಗ್ ಗ್ಯಾರಂಟಿಯಂತೆ.

ಮಷೀನಿನ ಹಿಂದೆ ನಿಂತವನು ಚೆಂಡು ಎತ್ತಿ ತೋರಿಸುತ್ತಾನೆ. "ರೆಡೀನಾ ಪುಟ್ಟ?" ಪುಟ್ಟ ತಲೆಯಾಡಿಸಿದ ಮೇಲೆ ಚೆಂಡು ಬಿಡುತ್ತಾನೆ. ಅದೇ ವೇಗ, ಅದೇ ಜಾಗ, ಅದೇ ಡ್ರೈವ್. ಅಪ್ಪ ವೀಡಿಯೊ ಮಾಡುತ್ತಾರೆ. ಬ್ಯಾಟ್ಸ್‌ಮನ್ನನ ಅಪ್ಪಣೆ ಕೇಳಿ ಯಾರ್ಕರ್ ಹಾಕುವ ಬೌಲರ್ ಇನ್ನೂ ಹುಟ್ಟಿಲ್ಲ ಎಂಬುದನ್ನು ಫೀಸಿನ ರಸೀದಿಯಲ್ಲಿ ಬರೆದಿರುವುದಿಲ್ಲ.

140 ಕಿ.ಮೀ. ವೇಗದ ಚೆಂಡು ಬೌಲರ್ ಕೈಯಿಂದ ಬ್ಯಾಟಿಗೆ ಬರಲು ಅರ್ಧ ಸೆಕೆಂಡೂ ಬೇಕಿಲ್ಲ. ಚೆಂಡು ಕಂಡ ಮೇಲೆ ಯೋಚನೆಗೆ ಕೂತರೆ ಸ್ಟಂಪ್ ಹಾರಿರುತ್ತದೆ. ಹಾಗಾಗಿ ಆಡಬಲ್ಲವನು ಮೊದಲು ಬೌಲರನ್ನು ಓದುತ್ತಾನೆ. ಓಟ, ಭುಜ, ಮಣಿಕಟ್ಟು, ಬೆರಳು. ಮಷೀನಿಗೆ ಭುಜವಿಲ್ಲ. ಅಲ್ಲಿ ಏನು ಓದಬೇಕು, ಕಂಪನಿಯ ಸ್ಟಿಕ್ಕರನ್ನೇ?

ಇದು ಗೊತ್ತಿಲ್ಲದ ಸಂಗತಿಯೇನಲ್ಲ. ಪಿಂಡರ್, ರೆನ್‌ಷಾ, ಡೇವಿಡ್ಸ್ ಎಂಬ ಸಂಶೋಧಕರು ಎಳೆಯ ಬ್ಯಾಟ್ಸ್‌ಮನ್‌ಗಳನ್ನು ಮಷೀನಿನ ಎದುರೂ ಬೌಲರ್ ಎದುರೂ ನಿಲ್ಲಿಸಿ ಅಳೆದು 2009ರಲ್ಲೇ ಬರೆದರು. ಬ್ಯಾಟ್ ಎತ್ತುವ ಹೊತ್ತು, ಕಾಲು ಮುಂದಿಡುವ ಹೊತ್ತು ಎರಡೂ ಬದಲಾಗಿದ್ದವು. ಮಷೀನಿನ ಎದುರು ಕಲಿಯುವುದು ಮಷೀನನ್ನು ಆಡುವುದನ್ನು. ಮ್ಯಾಚಿಗೆ ಮಷೀನ್ ಬರುವುದಿಲ್ಲ.

ಇನ್ನೂ ಅನುಮಾನವೇ? 2004ರಲ್ಲಿ ಅಮೆರಿಕದ ಸಾಫ್ಟ್‌ಬಾಲ್ ಆಟಗಾರ್ತಿ ಜೆನ್ನಿ ಫಿಂಚ್ ಎದುರು ಬೇಸ್‌ಬಾಲ್ ದಿಗ್ಗಜ ಆಲ್ಬರ್ಟ್ ಪುಹೋಲ್ಸ್ ನಿಂತ. ಅವನು ದಿನಾ ಆಡುವ ಚೆಂಡಿಗಿಂತ ದೊಡ್ಡ ಚೆಂಡು. ಆದರೂ ಗಾಳಿಗೆ ಬ್ಯಾಟ್ ಬೀಸಿ ಔಟಾದ. ಸೊಂಟದ ಕೆಳಗಿಂದ ಸುತ್ತಿ ಬರುವ ಆ ಕೈಯನ್ನು ಅವನು ಯಾವತ್ತೂ ಓದಿರಲಿಲ್ಲ. ಪುಹೋಲ್ಸ್‌ನ ಪಾಡೇ ಅದು. ನಿಮ್ಮ ಪುಟ್ಟ ಯಾವ ಲೆಕ್ಕ?

ಭಾರತ ತಂಡಕ್ಕೆ ಮಷೀನಿಗೇನೂ ಬರವಿಲ್ಲ. ಆದರೂ ಅದು ವರ್ಷಗಳಿಂದ ಊರೂರಿಗೆ ಕರೆದೊಯ್ಯುತ್ತಿರುವುದು ನೆಟ್‌ನಲ್ಲಿ ಚೆಂಡೆಸೆಯುವ ಕುಮಟಾದ ರಾಘವೇಂದ್ರ ಅಲಿಯಾಸ್ ರಘು ಅವರನ್ನು. ಕೈಯಲ್ಲೊಂದು ಸೈಡ್‌ಆರ್ಮ್ ಕೋಲು. ಅಷ್ಟೇ ಯಂತ್ರೋಪಕರಣ. 2013ರಿಂದೀಚೆಗೆ ತಂಡ ವೇಗದ ಬೌಲಿಂಗನ್ನು ಚೆನ್ನಾಗಿ ಆಡುವುದಕ್ಕೆ ರಘು ಕಾರಣ ಎಂದು ಕೊಹ್ಲಿಯೇ 2020ರಲ್ಲಿ ಹೇಳಿದ್ದರು. ಕೊಹ್ಲಿಗೆ ಮನುಷ್ಯ ಬೇಕು. ಸರ್ಜಾಪುರ ರಸ್ತೆಯ ಯು-12 ತಂಡಕ್ಕೆ ಮಷೀನ್ ಬೇಕು!

ಇಲ್ಲಿ ಬೌಲರ್‌ಗಳಿಗೆ ಬರವೇ? ಕಾಂಪೌಂಡಿನಾಚೆಯ ಖಾಲಿ ಸೈಟಿಗೆ ಹೋಗಿ ನೋಡಿ. ವಾಚ್‌ಮನ್‌ಗಳ ಮಕ್ಕಳು, ಗಾರೆ ಕೆಲಸದವರ ಮಕ್ಕಳು ಟೆನಿಸ್ ಬಾಲಿನಲ್ಲೇ ಸ್ಟಂಪ್ ಕೀಳುತ್ತಾರೆ. ಪೀಣ್ಯದಲ್ಲಿ ಶಿಫ್ಟ್ ಮುಗಿಸಿದ ಹುಡುಗರು ಭಾನುವಾರ ಹಾಕುವ ಚೆಂಡಿಗೆ ಸಾಫ್ಟ್‌ವೇರಿನವರ ಕಾಲು ನಡುಗೀತು. ಒಬ್ಬೊಬ್ಬನ ಆ್ಯಕ್ಷನ್ ಒಂದೊಂದು ಥರ. ಟೈಮಿಂಗ್‌ಗೆ ಇದಕ್ಕಿಂತ ಒಳ್ಳೆಯ ಪಾಠಶಾಲೆ ಬೇಕೆ?

ಆದರೆ ಅವರನ್ನು ಒಳಗೆ ಬಿಡುವಂತಿಲ್ಲ. ಸೆಕ್ಯುರಿಟಿ ಪ್ರಶ್ನೆಯಂತೆ. ತಾಯಿ ಬೆಳಿಗ್ಗೆ ಪಾತ್ರೆ ತೊಳೆಯಲು ಒಳಗೆ ಬರಬಹುದು. ಮಗ ಸಂಜೆ ಚೆಂಡೆಸೆಯಲು ಬರಬಾರದು.

ಒಂದೇ ಹೊಡೆತವನ್ನು ನೂರು ಸಲ ಆಡಿ ತಿದ್ದಿಕೊಳ್ಳಲು ಮಷೀನ್ ಒಳ್ಳೆಯದೇ. ಅದನ್ನು ಟೈಮಿಂಗ್ ಅಂತ ಮಾರುವುದು ಮೋಸ. ಕೊಳ್ಳುವುದು ಪೆದ್ದತನ. ಪೆದ್ದತನವೂ ಅಲ್ಲ, ಅಪ್ಪಂದಿರಿಗೆ ಎಲ್ಲ ಗೊತ್ತು. ಆಫೀಸಿನ ಟೂರ್ನಿಯಲ್ಲಿ ಅಕೌಂಟ್ಸ್ ವಿಭಾಗದ ಹೊಟ್ಟೆ ಬಂದ ಸ್ಪಿನ್ನರ್‌ಗೆ ಬೌಲ್ಡ್ ಆಗಿ ಬಂದವರೇ ಅವರು. ಹಿಂದಿನ ದಿನ ಮಷೀನಿನ ಎದುರು ಗಂಟೆಗಟ್ಟಲೆ ಬೀಸಿದ್ದರು.

ಗೇಟು ತೆಗೆದು ಆ ಹುಡುಗರಿಗೆ ದುಡ್ಡು ಕೊಟ್ಟು ಬೌಲ್ ಮಾಡಿಸಬಹುದು. ಮಗ ಮೊದಲ ವಾರವಿಡೀ ಔಟಾಗುತ್ತಾನೆ, ಆಮೇಲೆ ಕಲಿಯುತ್ತಾನೆ. ಆದರೆ ವಾಚ್‌ಮನ್ ಮಗನ ಕೈಯಲ್ಲಿ ಔಟಾದ ವೀಡಿಯೊವನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವುದು ಹೇಗೆ? ಮಷೀನೇ ವಾಸಿ. ಅದು ಯಾರ ಮಾನವನ್ನೂ ಕಳೆಯುವುದಿಲ್ಲ, ಯಾರಿಗೂ ಬ್ಯಾಟಿಂಗ್ ಕಲಿಸುವುದಿಲ್ಲ.